ಮೋಟರ್ ಸುತ್ತುವ ಕಾಕು

ಮೂಡಲಗಿಯಲ್ಲಿ ನಮ್ಮ ಮನೆಯೆದುರು, ಸುಟ್ಟ ಪಂಪ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಏನು ಕಂಡರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ತಾಳತೈತೇನ?" ಹೊಸ ಚಪ್ಪಲಿಗೂ ಅದೇ, ಓಣಿಗೆ ಬಂದ ಹೊಸ ಅಳಿಯನಿಗೂ ಅದೇ.

ಒಮ್ಮೆ ಕೊಣ್ಣೂರದ ರೈತರೊಬ್ಬರ ಮೋಟರ್ ಬಿಚ್ಚಿದರು. ತಂತಿಯ ಜೋಡಣೆಗೆ ಯಾರೋ ತೊಡಿಸಿದ್ದ ಕೊಳವೆಯಂಥ ಹೊದಿಕೆ, ಸಾದಾ ಪ್ಲಾಸ್ಟಿಕ್ ಸ್ಲೀವ್, ಕರಗಿ ತಂತಿಗೆ ತಂತಿ ತಾಗಿತ್ತು.

"ಮೋಟರ್ ಮೊದ್ಲ ಸುಟ್ಟು, ಆಮ್ಯಾಲ ಸ್ಲೀವ್ ಕರಗಿರಬಹುದಲ್ರಿ?" ಎಂದೆ.

"ನಿನ್ನ ಬಾಯಿಗೊಂದು ಸ್ಲೀವ್ ಹಾಕಬೇಕ ನೋಡ!"

ಕಾಕು ಕಾದ ಬೆಸುಗೆ ಕಡ್ಡಿಯನ್ನು ಎರಡು ಬಗೆಯ ಸ್ಲೀವ್ ತುಂಡುಗಳಿಗೆ ಮುಟ್ಟಿಸಿದರು. ಸಾದಾ ಸ್ಲೀವ್ ಮುದುಡಿ ಅಂಟಾಯಿತು. ಶಾಖ ತಡೆಯುವ ಸ್ಲೀವ್ ಇದ್ದ ಹಾಗೇ ಇತ್ತು, ಬಗ್ಗಿಸಿದರೂ ಬಿರಿಯಲಿಲ್ಲ. ಮೋಟರ್ ಎಂದಾದರೂ ಆ ಕಡ್ಡಿಯಷ್ಟು ಕಾಯುತ್ತದೆಯೇ ಎಂಬ ತಕರಾರು ನನಗೆ ಈಗಲೂ ಇದೆ. ಯಾವ ಸ್ಲೀವ್ ಬೇಕೆಂಬುದರಲ್ಲಿ ಮಾತ್ರ ಇಲ್ಲ.

ಆದರೆ ಅಂಗಡಿಯಲ್ಲಿ ಉಳಿದಿದ್ದ ಒಳ್ಳೆಯ ಸ್ಲೀವ್ ಅದೊಂದೇ ಚಿಕ್ಕ ತುಂಡು; ಮೋಟರಿಗೆ ಸಾಲುತ್ತಿರಲಿಲ್ಲ.

"ಬಾವಿ ನೀರಿನ ಪಾಳಿ ಇವತ್ತ ನಂದೈತ್ರಿ. ತಪ್ಪಿದ್ರ ಕಬ್ಬ ಒಣಗತೈತಿ," ಎಂದರು ರೈತರು. "ಸಾದಾದ್ದ ಹಾಕ್ರಿ ಕಾಕು, ನಡಿತೈತಿ."

"ನಡದ್ರ ಸಾಲದೋ ತಮ್ಮಾ, ತಾಳಬೇಕ."

ಕಾಕು ಸಾದಾ ಸ್ಲೀವ್ ಮುಟ್ಟಲಿಲ್ಲ. ತಮ್ಮ ಹೊಲದ ಮೋಟರನ್ನೇ ಬಿಚ್ಚಿಸಿ ಅವರಿಗೆ ಕೊಟ್ಟು ಕಳಿಸಿದರು.

ನಾನು ಬಿಡಲಿಲ್ಲ. "ಈಗ ನಿಮ್ಮ ಕಬ್ಬ ತಾಳತೈತೇನ್ರಿ?"

"ನಾ ಹಚ್ಚಿದ ಕಬ್ಬೋ ಅದು," ಎಂದವರೇ ಚೀಲ ಹಿಡಿದು, ಸ್ಲೀವ್ ತರಲು ಗೋಕಾಕದ ಬಸ್ಸು ಹತ್ತಿದರು.