ಶಬ್ದ ಹುಟ್ಟಿದ ಜಾಗ ನೋಡಲು ಬಂದ ಮಾಸ್ತರರು

ಮೊನ್ನೆ ಬೆಳಿಗ್ಗೆ ಚಳಿಗೆ ಮಫ್ಲರ್ ಸುತ್ತಿಕೊಂಡು ಮಲಾಡ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಡೆಯುತ್ತಿದ್ದೆ. ಸಣ್ಣದೊಂದು ವರ್ಕ್‌ಶಾಪಿನಿಂದ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕಾಲುಗಳು ನಿಂತುಬಿಟ್ಟವು. ಆ ವಾಸನೆ ಬಂದರೆ ನನಗೆ ಮಾಸ್ತರರ ಬಲಗೈಯೇ ಕಣ್ಣ ಮುಂದೆ ಬರುತ್ತದೆ...

ಐವತ್ತರ ದಶಕ. ಗ್ರಾಂಟ್ ರೋಡಿನ ಚಾಳಿನಲ್ಲಿ ಒಂದೊಂದೇ ಕೋಣೆಯ ಮನೆಗಳ ಸಾಲು; ಅವರದು ನಮ್ಮ ಪಕ್ಕದ ಖೋಲಿ. ಧಾರವಾಡದ ಕಡೆಯವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸಂಜೆ ನಮ್ಮಂಥ ನಾಲ್ಕು ಮಂದಿ ಕೆಲಸಗಾರರಿಗೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಪುಕ್ಕಟೆ ಪಾಠ ಹೇಳುತ್ತಿದ್ದರು. ನಾನಾಗ ಹತ್ತಿರದ ಕಾರಖಾನೆಯೊಂದರಲ್ಲಿ ಲೇಥು ನಡೆಸುತ್ತಿದ್ದೆ. ಲೇಥೆಂದರೆ ಕಬ್ಬಿಣದ ತುಂಡನ್ನು ಗರಗರ ತಿರುಗಿಸಿ, ಉಳಿ ತಾಗಿಸಿ, ದುಂಡಗೆ ಮಾಡುವ ಯಂತ್ರ.

ಒಂದು ಸಂಜೆ ‘ಟರ್ನ್’ ಎಂಬ ಶಬ್ದ ಹಿಡಿದರು. ರಟ್ಟು ಕಿತ್ತುಹೋದ ಅವರ ದಪ್ಪ ಡಿಕ್ಷನರಿಯಲ್ಲಿ ಅದೊಂದೇ ಶಬ್ದ ಎರಡು ಪುಟ ನುಂಗಿತ್ತು.

“ಓಣಿ ತಿರುಗಿದರೂ ಇದಽ, ಹಾಲು ಒಡೆದರೂ ಇದಽ, ಹುಡುಗಗ ಇಪ್ಪತ್ತು ತುಂಬಿದರೂ ಇದಽ, ನಳದ ಮುಂದ ನಿನ್ನ ಪಾಳಿ ಬಂದರೂ ಇದಽ. ಇಂಗ್ಲಿಷರು ಒಂದಽ ಕೊಡಾ ಇಟಗೊಂಡು ಇಡೀ ಚಾಳಿಗೆ ನೀರು ತುಂಬ್ಯಾರ ನೋಡ್ರಿ.”

ಆಮೇಲೆ ಅದರ ಮೂಲ ಓದಿದರು. ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ನಿನಿಂದ, ಲ್ಯಾಟಿನ್ನಿಗೆ ಗ್ರೀಕಿನಿಂದ. ಗ್ರೀಕರಲ್ಲಿ ‘ತೋರ್ನೋಸ್’ ಎಂದರೆ ಬಡಗಿಯ ಲೇಥು. ಓದುತ್ತಿದ್ದವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಎಲಾ ಇವನ... ಮೂವತ್ತು ವರ್ಷ ಈ ಶಬ್ದ ಕಲಿಸೀನಿ. ಇದರ ತವರುಮನಿ ನಿನ್ನ ಕಾರಖಾನ್ಯಾಗ ಅದ ಅಂತಾತು. ಒಮ್ಮೆ ತೋರಸ್ತೀಯೇನೋ?”

ಹೊರಗಿನವರನ್ನು ಒಳಗೆ ಬಿಟ್ಟರೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತೇನೆಂದು ಕಾರಖಾನೆಯ ಮಾಲಕರಾದ ಶೇಠರು ಮೊದಲೇ ಹೇಳಿದ್ದರು. ಆದರೂ ಶನಿವಾರ ಮಧ್ಯಾಹ್ನ ಅವರು ಊಟಕ್ಕೆ ಹೋದದ್ದು ನೋಡಿ ಮಾಸ್ತರರನ್ನು ಕರೆತಂದೆ. ಬೀಗರ ಮನೆಗೆ ಹೊರಟವರಂತೆ ಕರಿ ಕೋಟು, ಟೊಪ್ಪಿಗೆ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಯಂತ್ರದ ಹತ್ತಿರ ಜೋಲುವ ಬಟ್ಟೆ ಕೂಡದು. ನನಗೆ ಕೆಲಸ ಕಲಿಸಿದ ಉಸ್ತಾದರು ಮೊದಲ ದಿನವೇ ನನ್ನ ಮಣಿಕಟ್ಟಿನ ದಾರವನ್ನೂ ಕತ್ತರಿಸಿ ಒಗೆದಿದ್ದರು. ಗೊತ್ತಿತ್ತು. ಆದರೆ ಗುರುಗಳಿಗೆ ಹೆಗಲ ಶಲ್ಯ ತೆಗೀರಿ ಅನ್ನುವುದು ಹೇಗೆ? ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. “ಸ್ವಲ್ಪ ದೂರ ನಿಂದರ್ರಿ, ಮಾಸ್ತರ್ರ,” ಎಂದಷ್ಟೇ ಹೇಳಿ ಲೇಥು ಶುರು ಮಾಡಿದೆ.

ಕಬ್ಬಿಣದ ಸುರುಳಿ ಹೊಳೆಯುತ್ತ ಬಿಚ್ಚಿಕೊಂಡು ಬರುತ್ತಿತ್ತು. ಅವರು ಒಂದು ಹೆಜ್ಜೆ ಮುಂದೆ ಬಂದರು. ಮತ್ತೊಂದು. ಬಗ್ಗಿದರು. ಶಲ್ಯದ ತುದಿ ಜಾರಿತು. ಯಂತ್ರ ಅದನ್ನು ಎಳೆದುಕೊಂಡಿತು. ಬಿಡಿಸಿಕೊಳ್ಳಲು ಹೋದ ಬಲಗೈಯೂ ಬಟ್ಟೆಯೊಳಗೆ ಸುತ್ತಿಕೊಂಡಿತು. ಯಂತ್ರ ಓಡಿಸುವ ಪಟ್ಟಾ ಸರಿಸಿದೆ. ಸರಿಸಿದರೂ ಲೇಥು ತಕ್ಷಣ ನಿಲ್ಲುವುದಿಲ್ಲ. ನಿಂತಾಗ ಅವರ ಮುಖ ಕಬ್ಬಿಣದಿಂದ ಒಂದು ಗೇಣು ದೂರ; ಶಲ್ಯ ಕೊರಳಿಗೆ ಹಗ್ಗದ ಹಾಗೆ ಬಿಗಿದಿತ್ತು. ಲೇಥನ್ನು ಕೈಯಿಂದ ಹಿಂದಕ್ಕೆ ತಿರುಗಿಸಬೇಕು, ಬೇರೆ ದಾರಿಯಿಲ್ಲ. ಒಂದು ಸುತ್ತು... ಕೊರಳು ಸಡಿಲಾಯಿತು. ಇನ್ನೊಂದು... ಕೈ ಹೊರಬಂತು. ಎರಡು ಬೆರಳು ಇರಬೇಕಾದ ಹಾಗೆ ಇರಲಿಲ್ಲ.

ಅಷ್ಟರಲ್ಲಿ ಶೇಠರು ಬಾಗಿಲಲ್ಲಿ ನಿಂತಿದ್ದರು. ಇವರನ್ನು ಒಳಗೆ ಬಿಟ್ಟವರು ಯಾರೆಂದು ಗದರಿದರು. ಮಾಸ್ತರರು ಹಲ್ಲು ಕಚ್ಚಿಕೊಂಡೇ, ತಮ್ಮ ಪುಸ್ತಕದ ಹಿಂದಿಯಲ್ಲಿ, ನಾನೇ ನುಗ್ಗಿದೆ, ಈತ ಬೇಡವೆಂದರೂ ಕೇಳಲಿಲ್ಲ ಎಂದರು. ನನ್ನ ಕೆಲಸ ಉಳಿಯಿತು.

ಬೆರಳುಗಳ ಎಲುಬು ಕೂಡಿತು, ಆದರೆ ಅವು ಮತ್ತೆ ಬಾಗಲಿಲ್ಲ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬರೆಯುವುದನ್ನು ಅವರು ಆ ವಯಸ್ಸಿನಲ್ಲಿ ಕಲಿತರು. ಒಂದು ಸಂಜೆ ಉಳಿದವರು ಎದ್ದುಹೋದ ಮೇಲೆ ಕೇಳಿದರು.

“ಶಲ್ಯ ತೆಗೀಬೇಕಂತ ನಿನಗ ಗೊತ್ತಿತ್ತಿಲ್ಲೋ?”

“ಗೊತ್ತಿತ್ರಿ... ನಿಮಗ ನಾ ಹೆಂಗ ಹೇಳಬೇಕ್ರಿ?”

“ಹುಚ್ಚಾ, ಅಲ್ಲೆ ಮಾಸ್ತರ ನೀ ಇದ್ದಿ,” ಎಂದರು. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಇಷ್ಟೆಲ್ಲ ನೆನೆಯುತ್ತ ನಿಂತವನು ಮಲಾಡಿನ ಆ ವರ್ಕ್‌ಶಾಪಿನೊಳಗೆ ಒಂದು ಹೆಜ್ಜೆ ಇಟ್ಟಿದ್ದೆ. ಲೇಥಿನ ಮುಂದಿದ್ದ ತರುಣ ತಲೆ ಎತ್ತದೆಯೇ ಹೇಳಿದ: “ಚಾಚಾ, ಮಫ್ಲರ್ ಉತಾರೋ.”

ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಎಷ್ಟು ಸಲೀಸಾಗಿ ಹೇಳಿಬಿಟ್ಟ... ಮಾಸ್ತರರು ಹೋಗಿ ಎಷ್ಟೋ ವರ್ಷವಾಯಿತು. ಅವರಿಗೆ ಹೇಳಬೇಕಿದ್ದ ಆ ಮಾತು ಇನ್ನೂ ನನ್ನ ಗಂಟಲಲ್ಲೇ ಇದೆ.