ಟೆಟ್ರಾ ಸಾಕಿದ ಸೋದರತ್ತೆ

ಮಹದೇವಪುರದ ಮುನಿರಾಜಪ್ಪನವರ ಮನೆಯ ಹಿಂಭಾಗಕ್ಕೆ ನಾನು ಬಾಡಿಗೆಗೆ ಹೋದದ್ದು ತೊಂಬತ್ತೈದರಲ್ಲಿ. ಆಗ ಬೈಯಪ್ಪನಹಳ್ಳಿಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ರಾಗಿ ಬೆಳೆಯುತ್ತಿದ್ದ ಹೊಲವನ್ನು ಸೈಟು ಮಾಡಿ ಮಾರಿ ಅವರು ಎರಡಂತಸ್ತಿನ ಮನೆ ಎಬ್ಬಿಸಿದ್ದರು. ದೊಡ್ಡ ಮನೆ ಅಂದಮೇಲೆ ಫಿಶ್ ಟ್ಯಾಂಕ್ ಇರಲೇಬೇಕು ಎಂದು ಯಾರು ತಲೆಗೆ ತುಂಬಿದರೋ, ಹಾಲಿಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲೇ ಮಂಚದಷ್ಟು ಉದ್ದದ ಗಾಜಿನ ಟ್ಯಾಂಕು ಕೂರಿಸಿದ್ದರು. ಸೀರೆ ಅಂಗಡಿಯಲ್ಲಿ ಬಣ್ಣ ನೋಡಿ ಆರಿಸುವ ಹಾಗೆ ಅವರು ಮೀನು ಆರಿಸಿ ತರುತ್ತಿದ್ದರು. ಕೆಂಪು, ಹಳದಿ, ಪಟ್ಟೆ ಪಟ್ಟೆ. ವಾರ ಕಳೆಯುವುದರೊಳಗೆ ಅರ್ಧ ಸತ್ತು ತೇಲುತ್ತಿದ್ದವು. ಸತ್ತದ್ದನ್ನು ತೆಗೆದು ತೆಂಗಿನ ಬುಡಕ್ಕೆ ಹಾಕುವ ಕೆಲಸ ತಂಗಿಯದು.

ಆ ತಂಗಿಯೇ ಆದಿಲಕ್ಷ್ಮಮ್ಮ. ಹೊಸಕೋಟೆ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅಣ್ಣನ ಮನೆಗೆ ವಾಪಸ್ಸು ಬಂದವರು. ಬಂದಾಗ ಅಣ್ಣನ ಮಗಳು ಭವ್ಯ ತೊಟ್ಟಿಲಲ್ಲಿದ್ದಳು. ಅತ್ತಿಗೆಗೆ ಹಸು, ಹಾಲಿನ ಡೈರಿ, ಹೊಲ ಅಂತ ಕೈತುಂಬ ಕೆಲಸ. ಹಾಗಾಗಿ ಭವ್ಯ ಬೆಳೆದದ್ದೆಲ್ಲ ಈ ಅತ್ತೆಯ ಸೊಂಟದ ಮೇಲೆಯೇ. ಹೊಲ ಮಾರುವಾಗ ತಂಗಿಯೂ ಸಹಿ ಹಾಕಿದರು, ಅದಕ್ಕೆ ಬದಲಾಗಿ ಒಂದು ಸೀರೆ ಸಿಕ್ಕಿತು. ನನಗೆ ಇದನ್ನು ಕೇಳಿ ಮೈ ಉರಿಯಿತು. ಆಕೆಗೆ ಉರಿಯಲಿಲ್ಲ. "ನಂಗ್ಯಾಕೆ ಮಿಸ್ ದುಡ್ಡು? ಭವ್ಯನ ಮದ್ವೇಲಿ ಕಳಶ ಹಿಡ್ಕೊಂಡು ಅವ್ಳ ಪಕ್ಕ ನಿಂತ್ಕೊಂಡ್ರೆ ಸಾಕು," ಎನ್ನುತ್ತಿದ್ದರು. ಧಾರೆಯ ಹೊತ್ತಿಗೆ ಹೆಣ್ಣಿನ ಪಕ್ಕ ಕಳಶ ಹಿಡಿದು ನಿಲ್ಲುವುದು ಆ ಮನೆಯಲ್ಲಿ ಸೋದರತ್ತೆಯ ಹಕ್ಕು. ಆಕೆ ಈ ಪ್ರಪಂಚದಿಂದ ಕೇಳಿದ್ದು ಅದೊಂದನ್ನೇ.

ಸತ್ತ ಮೀನು ಎತ್ತಿ ಹಾಕಿ ಸಾಕಾಗಿ, ಒಂದು ಭಾನುವಾರ ನನ್ನನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೊರಟರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಜ್ಮತ್ ಎನ್ನುವವರ ಮೀನಿನ ಅಂಗಡಿ. ನಮ್ಮ ಮುನಿರಾಜಪ್ಪನವರನ್ನು ಅವರು ಚೆನ್ನಾಗಿ ಬಲ್ಲರು, ಬಲ್ಲದಿರಲು ಸಾಧ್ಯವೇ, ವಾರ ವಾರ ಹೋಗುವ ಗಿರಾಕಿ. ಆದಿಲಕ್ಷ್ಮಮ್ಮ ಒಂದೊಂದು ಟ್ಯಾಂಕಿನ ಮುಂದೆಯೂ ನಿಂತು, ಹೆಣ್ಣು ಕೊಡುವ ಮನೆಯನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಇದು ಜಗಳಗಂಟಿಯಾ? ಇದಕ್ಕೆ ಯಾವ ನೀರು ಬೇಕು? ಇದು ಯಾರ ಜೊತೆ ಹೊಂದ್ಕೊಂಡು ಹೋಗುತ್ತೆ?

ಕೊನೆಗೆ ಅವರ ಕಣ್ಣು ನಿಂತದ್ದು ನಿಯಾನ್ ಟೆಟ್ರಾದ ಮೇಲೆ. ಅರ್ಧ ಬೆರಳಿನಷ್ಟೂ ಇಲ್ಲದ ಮೀನು, ಮೈಮೇಲೆ ನೀಲಿ ಗೆರೆ, ಅದರ ಕೆಳಗೆ ಕೆಂಪು.

"ಒಂದು ಜೊತೆ ಕೊಡಿ," ಎಂದರು.

"ಜೊತೆ ಎಲ್ಲಾ ಆಗಲ್ಲ ಅಮ್ಮಾ," ಅಜ್ಮತ್ ನಕ್ಕರು. "ಇದಕ್ಕೆ ಗುಂಪು ಬೇಕು. ಕಮ್ಮಿ ಅಂದ್ರೂ ಎಂಟು ಹತ್ತು. ಒಂಟಿ ಬಿಟ್ರೆ ಊಟಾನೇ ಬಿಟ್ಬಿಡ್ತದೆ, ಮೂಲೇಲಿ ನಿಂತು ಸತ್ತೋಗ್ತದೆ."

"ಅದರ ಜೊತೆಗೆ ಆ ಬಿಳೀದು?" ಪಕ್ಕದ ಏಂಜೆಲ್ ಮೀನಿನ ಮರಿಗಳನ್ನು ತೋರಿಸಿದರು.

"ನಕ್ಕೋ ಅಮ್ಮಾ, ಬೇಡ. ಈವಾಗ ಮರಿ, ನೋಡೋಕೆ ಪಾಪ ಅನ್ಸುತ್ತೆ. ದೊಡ್ಡದಾದ್ಮೇಲೆ ಬಾಯಿಗೆ ಹಿಡಿಸೋದನ್ನೆಲ್ಲ ನುಂಗ್ತದೆ. ಟೈಗರ್ ಬಾರ್ಬ್ ಬಾಲ ಕಚ್ತದೆ. ಗೋಲ್ಡ್ ಫಿಶ್‌ಗೆ ತಣ್ಣೀರು ಬೇಕು, ಇದಕ್ಕೆ ಬೆಚ್ಚಗಿರ್ಬೇಕು. ರಾಸ್ಬೋರಾ ಹಾಕಿ, ಅದೂ ಇದರಂಗೇ ಸಾಧು. ತಳಕ್ಕೆ ಮೀಸೆ ಇರೋ ಈ ಕೋರಿ ಮೀನು ನಾಲ್ಕು. ಬಿದ್ದಿದ್ದು ತಿಂದ್ಕೊಂಡು ಇರ್ತವೆ, ಯಾರ ತಂಟೆಗೂ ಹೋಗಲ್ಲ."

ಅಜ್ಮತ್ ಹೇಳಿದಂತೆಯೇ ಆದಿಲಕ್ಷ್ಮಮ್ಮ ತಂದರು. ಅಲ್ಲಿಂದ ಮುಂದೆ ಆ ಟ್ಯಾಂಕು ಬದುಕಿತು. ಮನೆಯ ಬೋರ್ ನೀರು ಟೆಟ್ರಾಗಳಿಗೆ ಗಡಸು ಎಂದು ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಬೆರೆಸುತ್ತಿದ್ದರು. ಗಿಡ ನೆಟ್ಟರು. ಹೊಸ ಮೀನು ತಂದರೆ ಕವರಿನ ಸಮೇತ ನೀರಿನ ಮೇಲೆ ತೇಲಿಸಿ, ಒಳಗಿನ ನೀರು ಹೊರಗಿನ ನೀರಿಗೆ ಹೊಂದಿಕೊಂಡ ಮೇಲೆಯೇ ಬಿಡುತ್ತಿದ್ದರು. ಸಂಜೆ ಭವ್ಯ ಹೋಂವರ್ಕ್ ಪುಸ್ತಕ ತಂದು ಅಲ್ಲೇ ಕೂರುತ್ತಿದ್ದಳು. ಟೆಟ್ರಾಗಳ ಗುಂಪು ಒಮ್ಮೆಲೇ ತಿರುಗಿದಾಗ ಅತ್ತೆ ಸೊಸೆ ಇಬ್ಬರೂ ಬರೆಯುವುದನ್ನೂ ಸೊಪ್ಪು ಬಿಡಿಸುವುದನ್ನೂ ನಿಲ್ಲಿಸಿ ನೋಡುತ್ತಿದ್ದರು. ಆ ಮನೆಯಲ್ಲಿ ನಾನು ಕಂಡ ಸುಖ ಅಂದರೆ ಅದೇ.

ಎರಡು ಸಾವಿರದ ಮೂರರಲ್ಲಿ ಭವ್ಯನಿಗೆ ಇಂದಿರಾನಗರದ ಸಂಬಂಧ ಬಂತು. ನೆಂಟರ ಕಡೆಯಿಂದ ಬಂದದ್ದಲ್ಲ, ಸೈಟಿನ ವ್ಯವಹಾರದಲ್ಲಿ ಆದ ಪರಿಚಯ. ಹೆಣ್ಣು ನೋಡುವ ದಿನ ನನ್ನನ್ನೂ ಕರೆದಿದ್ದರು. ಬಾಡಿಗೆಗೆ ಟೀಚರ್ ಇದ್ದಾರೆ ಎಂದು ತೋರಿಸಿಕೊಳ್ಳಲು ಅಂತ ನನಗೆ ಗೊತ್ತಿತ್ತು, ಆದರೂ ಕೇಸರಿಬಾತಿನ ಆಸೆಗೆ ಹೋದೆ. ಗಂಡಿನ ತಂದೆ ಟ್ಯಾಂಕಿನ ಮುಂದೆ ನಿಂತುಬಿಟ್ಟರು.

"ಏನ್ ಸಾರ್, ಇಷ್ಟು ಚೆನ್ನಾಗಿ ಇಟ್ಟಿದ್ದೀರಾ! ಯಾರು ನೋಡ್ಕೊಳ್ಳೋದು?"

ಆದಿಲಕ್ಷ್ಮಮ್ಮ ಕಾಫಿಯ ತಟ್ಟೆ ಹಿಡಿದು ಅಲ್ಲೇ ಇದ್ದರು. ಮುಖದಲ್ಲಿ ಸಣ್ಣ ನಗು ಬಂದಿತ್ತು. ಅಣ್ಣ ಈಗ ಹೇಳುತ್ತಾನೆ ಎಂದುಕೊಂಡಿದ್ದರು.

ಮುನಿರಾಜಪ್ಪ ಒಂದು ಕ್ಷಣ ತಡವರಿಸಿದರು. ತಂಗಿ ಅಂದರೆ ಗಂಡ ಎಲ್ಲಿ ಎನ್ನುತ್ತಾರೆ, ಬಿಟ್ಟವಳು ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. "ಮನೇಲಿ ಕೆಲ್ಸಕ್ಕೆ ಒಬ್ರು ಇದ್ದಾರೆ. ಅವ್ರೇ ನೋಡ್ಕೋತಾರೆ," ಎಂದುಬಿಟ್ಟರು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಧೈರ್ಯ ಆ ಮನುಷ್ಯನಿಗೆ ಇರಲಿಲ್ಲ. ಭವ್ಯ ತಲೆ ಎತ್ತಿ ಅತ್ತೆಯನ್ನು ನೋಡಿದಳು, ಮತ್ತೆ ತಗ್ಗಿಸಿದಳು.

ಬಂದವರು ಹೋದ ಮೇಲೆ ಅಣ್ಣ ತಂಗಿಯ ಹತ್ತಿರ ಹೋಗಿ, "ಈ ಮದ್ವೆ ಒಂದು ಆಗೋವರ್ಗೂ ತಡ್ಕೋ ಲಕ್ಷ್ಮಿ. ಆಮೇಲೆ ನಾನೇ ಅವ್ರಿಗೆ ಹೇಳ್ತೀನಿ," ಎಂದರು. ಆಕೆ ಹೂಂ ಎಂದರು.

ಲಗ್ನಪತ್ರಿಕೆಯ ದಿನ ಬೀಗರು ಉಡುಗೊರೆಯಾಗಿ ಒಂದು ಫ್ಲವರ್‌ಹಾರ್ನ್ ಮೀನು ತಂದರು. ಹಣೆಯ ಮೇಲೆ ದಪ್ಪ ಬುಗುಟು, ಅಂಗೈಗಿಂತ ದೊಡ್ಡ ಮೈ. ಅದು ಇದ್ದ ಮನೆಗೆ ಅದೃಷ್ಟ ಹುಡುಕಿಕೊಂಡು ಬರುತ್ತದೆ ಎಂದು ಆಗ ಬೆಂಗಳೂರೆಲ್ಲ ಹುಚ್ಚು ಹಿಡಿದಿತ್ತು.

"ಈವಾಗ್ಲೇ ಬಿಡ್ಸಿ ಸಾರ್, ನಮ್ ಕಣ್ಣೆದುರೇ," ಎಂದರು ಬೀಗರು.

ಆದಿಲಕ್ಷ್ಮಮ್ಮನ ಮುಖ ಬಿಳಿಚಿಕೊಂಡಿತು. ಕವರನ್ನು ನೀರಿನ ಮೇಲೆ ತೇಲಬಿಟ್ಟು, ಒಳಗೋಡಿ ಸಣ್ಣ ಬಲೆಯನ್ನೂ ಪಾತ್ರೆಯನ್ನೂ ತಂದು ಟೆಟ್ರಾಗಳನ್ನು ಹಿಡಿಯತೊಡಗಿದರು. ಅವು ಗಾಬರಿಯಾಗಿ ಚದುರಿದವು. ಬಂದವರು ಕಾಯುತ್ತಿದ್ದರು, ಯಾರೋ ನಕ್ಕರು.

"ಏನ್ ಮಾಡ್ತಿದೀರಾ? ಅವು ಇರ್ಲಿ, ಮೊದ್ಲು ಇದನ್ನ ಬಿಡೀಮ್ಮಾ," ಎಂದರು ಮುನಿರಾಜಪ್ಪ.

"ಇದನ್ನ ಬಿಟ್ರೆ ಅವು ಉಳಿಯಲ್ಲ," ಎಂದು ಆಕೆ ಮೆಲ್ಲಗೆ ಹೇಳಿದರು.

"ಬಿಡಿ ಅಂದೆ ಅಲ್ವಾ."

ಆಕೆ ಭವ್ಯನ ಕಡೆ ನೋಡಿದರು. ಜರಿ ಸೀರೆಯುಟ್ಟು, ಮಡಿಲು ತುಂಬಿಸಿಕೊಂಡು ಹುಡುಗಿ ಬೀಗಿತಿಯ ಪಕ್ಕದಲ್ಲಿ ಕೂತಿದ್ದಳು. ಆದಿಲಕ್ಷ್ಮಮ್ಮ ಬಲೆಯನ್ನು ಕೆಳಗಿಟ್ಟು, ಕವರಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಆ ಮೀನನ್ನು ತಮ್ಮ ಕೈಯಾರೆ ನೀರಿಗೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಗಾಜಿನ ಆಚೆ ಬೇಟೆ ನಡೆದಿತ್ತು. ಆಕೆ ಅದಕ್ಕೆ ಬೆನ್ನು ಮಾಡಿ ಬಡಿಸಿದರು.

ಬೀಗರು ಹೊರಟ ಮೇಲೆ ಆಕೆ ಗಿಡದ ಸಂದಿಯಲ್ಲಿ ಉಳಿದಿದ್ದ ಎರಡು ಟೆಟ್ರಾಗಳನ್ನು ಹಿಡಿದು ಬಕೆಟ್ಟಿಗೆ ಹಾಕಿದರು. ಒಂದು ಮರುದಿನ ಸತ್ತಿತು. ಇನ್ನೊಂದು ಊಟ ಬಿಟ್ಟು ಅಂಚಿಗೆ ನಿಂತಿತು, ಅಜ್ಮತ್ ಹೇಳಿದ್ದ ಹಾಗೆಯೇ.

"ನೀವ್ಯಾಕೆ ಬಾಯ್ಬಿಟ್ಟು ಹೇಳ್ಲಿಲ್ಲ, ನಾನು ಈ ಮನೆ ಮಗಳು ಅಂತ?" ಎಂದು ನಾನು ರೇಗಿದೆ.

"ಹೇಳಿದ್ರೆ ಮೀನು ಉಳೀತಿದ್ವು ಮಿಸ್," ಎಂದು ಅತ್ತರು. "ಭವ್ಯಂಗೆ ಏನಾಗ್ತಿತ್ತೋ."

ಮದುವೆಯ ದಿನ ಮನೆ ಕಾಯಲು, ಬೀಗರ ಮೀನಿಗೆ ಆಹಾರ ಹಾಕಲು ಎಂದು ಆಕೆಯನ್ನು ಬಿಟ್ಟುಹೋದರು. ಕೆ.ಆರ್. ಪುರದ ಛತ್ರದಿಂದ ನಾನು ತೆಂಗಿನಕಾಯಿ ಹಿಡಿದು ವಾಪಸ್ಸು ಬಂದಾಗ ಬಾಗಿಲಲ್ಲೇ ನಿಂತಿದ್ದರು. ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಸೀರೆಯನ್ನು ಒಬ್ಬರೇ ಉಟ್ಟುಕೊಂಡಿದ್ದರು.

"ಕಳಶ ಯಾರು ಹಿಡಿದ್ರು ಮಿಸ್?"

ಅತ್ತಿಗೆಯ ಕಡೆಯ ಯಾರೋ ಒಬ್ಬಳು ಹಿಡಿದಿದ್ದಳು. ಹೇಳಿದೆ. "ನೆಟ್ಟಗೆ ಹಿಡಿದ್ಲು ತಾನೆ?" ಎಂದು ಕೇಳಿ ಒಳಗೆ ಹೋದರು.

ಮುನಿರಾಜಪ್ಪ ಆಮೇಲೂ ಹೇಳಲಿಲ್ಲ. ಇವತ್ತು ಬೇಡ, ಹಬ್ಬ ಕಳೆಯಲಿ, ಹೆರಿಗೆ ಆಗಲಿ. ಬೀಗರಿಗೆ ಗೊತ್ತಾಗಲೇ ಇಲ್ಲ ಎಂದು ನಾನು ನಂಬುವುದಿಲ್ಲ. ಛತ್ರದ ತುಂಬ ನೆಂಟರಿದ್ದರು, ನೆಂಟರ ಬಾಯಿಗೆ ಬೀಗವೇ? ಗೊತ್ತಾಗಿಯೂ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಎರಡು ಮನೆಗೂ ಅದೇ ಅನುಕೂಲವಾಗಿತ್ತು. ಆದಿಲಕ್ಷ್ಮಮ್ಮ ಮತ್ತೆ ಶಿವಾಜಿನಗರಕ್ಕೆ ಹೋಗಲಿಲ್ಲ. ಫ್ಲವರ್‌ಹಾರ್ನ್ ಒಂದೇ ಇಡೀ ಟ್ಯಾಂಕನ್ನು ಆಳಿತು. ಆಕೆ ಗಿಡಗಳನ್ನೆಲ್ಲ ಕಿತ್ತು ಹಾಕಿ, ಅದಕ್ಕೆ ಹೊತ್ತು ಹೊತ್ತಿಗೆ ಆಹಾರ ಹಾಕಿದರು.

ಎರಡು ಸಾವಿರದ ಎಂಟರಲ್ಲಿ ನಾನು ಮನೆ ಖಾಲಿ ಮಾಡುವ ಮೊದಲು ಹೇಳಿಹೋಗಲು ಒಳಗೆ ಹೋದೆ. ಭವ್ಯ ತವರಿಗೆ ಬಂದಿದ್ದಳು. ಬೀಗರು ಯಾರೂ ಇರಲಿಲ್ಲ, ಮನೆಯವರಷ್ಟೇ. ಮುನಿರಾಜಪ್ಪ ಸೋಫಾದಲ್ಲಿ ಪೇಪರ್ ಓದುತ್ತಿದ್ದರು. ಭವ್ಯನ ಮಗಳು, ಮೂರು ವರ್ಷದ ಕೂಸು, ಆಟ ಬಿಟ್ಟು ಅಡಿಗೆಮನೆಯ ಕಡೆ ತಿರುಗಿ ಕೂಗಿತು.

"ಆದಿಲಕ್ಷ್ಮೀ, ನೀರು ಕೊಡು!"

ಆದಿಲಕ್ಷ್ಮಮ್ಮ ಬಾಗಿಲಿಗೆ ಬಂದರು. ಭವ್ಯ ನನ್ನನ್ನು ನೋಡಿ, ಕೆಂಪಗಾಗಿ, ಟಿವಿಯ ಕಡೆ ಮುಖ ತಿರುಗಿಸಿದಳು. ಆದಿಲಕ್ಷ್ಮಮ್ಮ ನೋಡಿದ್ದು ಅಣ್ಣನ ಕಡೆಗೆ. 'ಅಜ್ಜಿ ಅನ್ನು ಪುಟ್ಟಾ' ಎಂದು ಹೇಳಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಕಾದರು. ಮುನಿರಾಜಪ್ಪ ಪೇಪರಿನ ಹಾಳೆ ಮಗುಚಿದರು.

ಆಕೆ ಒಳಗೆ ಹೋಗಿ ಲೋಟದಲ್ಲಿ ನೀರು ತಂದು, ಮಗುವಿನ ಮುಂದೆ ಬಗ್ಗಿ, "ತಗೊಳ್ಳಿ ಪುಟ್ಟಮ್ಮಾ," ಎಂದರು.