ಕರೆಂಟು ಹೋಗಲೆಂದು ಕಾಯುವ ಚೌಡೇಶ್

ಬೆಳಗಿನ ಆರೂವರೆ. ದೊಡ್ಡಬಳ್ಳಾಪುರದ ನೇಕಾರ ಕೋದಂಡರಾಮಯ್ಯನವರ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳು ಆಗಲೇ ಓಡುತ್ತಿವೆ. ಪಕ್ಕದ ನಡುಮನೆಯಲ್ಲಿ ಫೋಟೋಗ್ರಾಫರ್ ಚೌಡೇಶ್ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಸೂರಿನ ಬೆಳಕಿಂಡಿಯನ್ನೇ ನೋಡುತ್ತಾ ನಿಂತಿದ್ದಾರೆ. ಅಲ್ಲಿಂದ ಇಳಿಯುವ ಅಂಗೈಯಗಲದ ಬೆಳಕೇ ಅವರ ಬಂಡವಾಳ.

ಮನೆಯೊಡತಿ ಅಂಜನಮ್ಮನವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಫ್ಲ್ಯಾಶ್ ಎಂದರೆ ಆಗದು. ಮೊಮ್ಮಗಳು ಬಿಂದುಶ್ರೀ ಬರುವ ವಾರ ಮದುವೆಯಾಗಿ ಧರ್ಮಾವರಕ್ಕೆ ಹೊರಡುವವಳು. ಅಜ್ಜಿ, ತಾತ ಜೊತೆಗಿರುವ ಒಂದು ಫೋಟೋ ಬೇಕೇಬೇಕೆಂದು ಹಟ ಹಿಡಿದಿದ್ದಾಳೆ. ಈ ಮೊದಲು ಇಬ್ಬರು ಫೋಟೋಗ್ರಾಫರುಗಳು ಬಂದಿದ್ದರು. ಫ್ಲ್ಯಾಶ್ ಕಂಡದ್ದೇ ಅಂಜನಮ್ಮ ಅಡುಗೆಮನೆ ಸೇರಿದ್ದರು.

"ಮಗ್ಗ ಓಡ್ತಿದ್ರೆ ನೆಲ ಅದುರುತ್ತೆ ಸರ್. ಫ್ಲ್ಯಾಶ್ ಇಲ್ದೆ ತೆಗೆಯೋವಾಗ ಅರ್ಧ ಸೆಕೆಂಡು ಎಲ್ಲಾ ಅಲ್ಲಾಡ್ದೆ ಇರ್ಬೇಕು. ಊರೆಲ್ಲಾ ಕರೆಂಟು ಬರ್ಲಿ ಅಂತ ಕಾದ್ರೆ, ನಾನೊಬ್ಬ ಹೋಗ್ಲಿ ಅಂತ ಕಾಯ್ತೀನಿ," ಎಂದು ಚೌಡೇಶ್ ನಗುತ್ತಾರೆ.

ಮೂವತ್ತೆಂಟರ ಚೌಡೇಶ್ ಕೂಡ ನೇಕಾರರ ಮಗ. ಹತ್ತು ವರ್ಷಗಳ ಹಿಂದೆ, 1989ರಲ್ಲಿ, ರಾಜಘಟ್ಟದ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೇ ಅವರ ಫ್ಲ್ಯಾಶ್ ಕೈಕೊಟ್ಟಿತು. ಬಾಗಿಲ ಬೆಳಕಿನಲ್ಲೇ ತೆಗೆದ ಮೂವತ್ತಾರು ಫೋಟೋಗಳಲ್ಲಿ ನೆಟ್ಟಗೆ ಬಂದದ್ದು ಮೂರೇ. ಹೆಣ್ಣಿನ ತಂದೆ ಬೀಗರೆದುರೇ ಬೈದರು. ಎರಡು ವರ್ಷ ಯಾರೂ ಮದುವೆಗೆ ಕರೆಯಲಿಲ್ಲ. "ಆದ್ರೆ ಆ ಮೂರು ಫೋಟೋ ನೋಡಿ ನಂಗೇ ಆಶ್ಚರ್ಯ. ಹುಡುಗಿ ಮನೇಲಿ ಹೆಂಗಿರ್ತಾಳೋ ಹಂಗೇ ಬಂದಿದ್ಲು." ಅಂದಿನಿಂದ ಹಾಸಿಗೆ ಹಿಡಿದವರು, ಬಾಣಂತಿಯರು, ಹೀಗೆ ಸ್ಟುಡಿಯೋಗೆ ಬರಲಾಗದವರ ಮನೆಗೆ ಅವರೇ ಹೋಗುತ್ತಾರೆ. ತಿಂಗಳಿಗೆ ಇಪ್ಪತ್ತೈದು ಮನೆಯಾದರೂ ಆಗುತ್ತದೆ. ದೊಡ್ಡಬೆಳವಂಗಲದವರೆಗೂ ಸೈಕಲ್ಲೇ.

ಇವತ್ತು ಮಾತ್ರ ಕರೆಂಟು ಹೋಗುತ್ತಿಲ್ಲ. ದಿನಾ ಏಳಕ್ಕೆ ತಪ್ಪದೆ ಹೋಗುವುದು ಎಂಟಾದರೂ ಹಾಗೇ ಇದೆ. ಕೋದಂಡರಾಮಯ್ಯ ಮಗ್ಗ ಬಿಟ್ಟು ಏಳಲೊಲ್ಲರು. "ನಾಳೆ ಸೀರೆ ಕೊಡ್ಬೇಕು ಕಣಪ್ಪಾ, ನಿಲ್ಸೋಕಾಗಲ್ಲ."

ಅಂಜನಮ್ಮ ಮೆಲ್ಲಗೆ ಎದ್ದು, ಗೋಡೆ ಹಿಡಿದು ನಡೆದು, ಮೇನ್ ಸ್ವಿಚ್ಚನ್ನು ಕೆಳಗೆಳೆಯುತ್ತಾರೆ. ಮನೆಯೆಲ್ಲ ಗಪ್‌ಚಿಪ್.

"ಮದ್ವೆಯಾದಾಗಿಂದ ನಿಮ್ಮ ಮಗ್ಗಕ್ಕೆ ನಾನು ಕಾದಿದೀನಿ. ಇವತ್ತೊಂದ್ಗಳಿಗೆ ಅದು ನಂಗೆ ಕಾಯ್ಲಿ. ಬನ್ನಿ, ಕೂತ್ಕೊಳ್ಳಿ."

ಕೋದಂಡರಾಮಯ್ಯ ಬಂದು ಪಕ್ಕದಲ್ಲಿ ಕೂರುತ್ತಾರೆ. ಬಿಂದುಶ್ರೀ ಬಿಳಿ ಪಂಚೆಯೊಂದನ್ನು ಅಗಲವಾಗಿ ಹಿಡಿಯುತ್ತಾಳೆ; ಬೆಳಕಿಂಡಿಯ ಬಿಸಿಲು ಅದರ ಮೇಲೆ ಬಿದ್ದು ಇಬ್ಬರ ಮುಖಕ್ಕೂ ಹರಡುತ್ತದೆ. "ಉಸಿರು ಬಿಗಿಹಿಡೀರಿ ಅಜ್ಜಿ," ಎನ್ನುತ್ತಾರೆ ಚೌಡೇಶ್. ಮೊದಲನೆಯದು ಕೋದಂಡರಾಮಯ್ಯನವರ ನಗುವಿನಿಂದ ಕೆಡುತ್ತದೆ. ಎರಡನೆಯದು ಅಂಜನಮ್ಮನವರ ನಗುವಿನಿಂದ. ಮೂರನೆಯದಕ್ಕೆ ಚೌಡೇಶ್ ತೃಪ್ತಿಯಿಂದ ತಲೆಯಾಡಿಸುತ್ತಾರೆ.

ನಾಲ್ಕನೇ ದಿನ ಫೋಟೋ ಮನೆಗೆ ಬರುತ್ತದೆ. ಅಂಜನಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡುತ್ತಾರೆ. "ನೋಡೇ ಬಿಂದು, ನಿಮ್ಮ ತಾತ ಇಷ್ಟು ಹತ್ರ ಕೂತಿದ್ರು ಅಂತ ನಂಗೆ ಗೊತ್ತೇ ಆಗ್ಲಿಲ್ಲ." ಕೋದಂಡರಾಮಯ್ಯ ಮಗ್ಗದ ಕಡೆ ಮುಖ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಚೌಡೇಶರನ್ನು ಬಾಗಿಲಾಚೆ ಕರೆದು, ಬಿಂದು ಒಯ್ಯುವುದಲ್ಲದೆ ಮನೆಗೂ ಇದರದೇ ಇನ್ನೊಂದು ಪ್ರತಿ ಬೇಕೆಂದು ಮೆಲುದನಿಯಲ್ಲಿ ಹೇಳುತ್ತಾರೆ.

ಸ್ಟುಡಿಯೋ ದೊಡ್ಡದು ಮಾಡುವ ಆಸೆಯಿಲ್ಲವೇ ಎಂದು ಕೇಳಿದರೆ ಚೌಡೇಶ್ ಸೈಕಲ್ಲಿಗೆ ಸ್ಟ್ಯಾಂಡ್ ಕಟ್ಟುತ್ತಲೇ ಹೇಳುತ್ತಾರೆ: "ಅದೇನೂ ಇಲ್ಲ ಸರ್. ನಾನ್ ತೆಗ್ದಿರೋ ಫೋಟೋದಲ್ಲಿ ಯಾರೂ ಬೆಚ್ಚಿಬಿದ್ದಂಗೆ ಕಾಣ್ಬಾರ್ದು. ಅಷ್ಟ್ ಸಾಕು."